ದಿಮ್ಮಿ ಶಾಲೆಗೆ ದುಡ್ಡು ಎಲ್ಲಿಂದ ಬಂತು?

1785ರಲ್ಲಿ ಅಮೆರಿಕ ಇನ್ನೂ ಎಳೆಯ ದೇಶ. ಬ್ರಿಟನ್ ಜೊತೆ ಒಪ್ಪಂದವಾಗಿ ಎರಡು ವರ್ಷವಾಗಿತ್ತು. ಖಜಾನೆ ಖಾಲಿ. ಆ ವರ್ಷ ಅಲ್ಲಿನ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಓಹಾಯೊ ನದಿಯ ಆಚೆಗಿನ ಕಾಡನ್ನು ಅಳೆದು ಮಾರಬೇಕು, ಅಳೆದಲ್ಲೆಲ್ಲ ಶಾಲೆಗೆಂದು ಒಂದಷ್ಟು ನೆಲ ಎತ್ತಿಡಬೇಕು ಎಂದು ಅದರಲ್ಲಿತ್ತು. 31 ವರ್ಷ ಕಳೆದ ಮೇಲೆ, 1816ರಲ್ಲಿ, ಅಬ್ರಹಾಂ ಲಿಂಕನ್ ಎಂಬ 7 ವರ್ಷದ ಹುಡುಗ ಮನೆಯವರ ಜೊತೆ ಅದೇ ಸೀಮೆಯ ಇಂಡಿಯಾನಾಕ್ಕೆ ಬಂದ. 21 ವರ್ಷ ತುಂಬುವ ತನಕ ಅಲ್ಲೇ ಬೆಳೆದ. ಮುಂದೆ ದೊಡ್ಡವರಾಗಿ ತಮ್ಮ ಬಗ್ಗೆ ಬರೆದುಕೊಂಡಾಗ ಲಿಂಕನ್ ಒಂದು ಮಾತು ಹೇಳಿದರು: ತಾನು ಶಾಲೆಗೆ ಹೋದ ದಿನಗಳನ್ನೆಲ್ಲ ಒಟ್ಟು ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲ.

ಕಾನೂನು ಇತ್ತು, ನೆಲವೂ ಇತ್ತು. ಮತ್ತೆ ಹುಡುಗನಿಗೆ ಶಾಲೆ ಯಾಕೆ ಸಿಗಲಿಲ್ಲ?

ಅಮೆರಿಕದ ಹಳೆಯ ಮರದ ದಿಮ್ಮಿಯ ಶಾಲೆಗಳ ಚಿತ್ರ ನೀವು ನೋಡಿರಬಹುದು. ಒಂದೇ ಕೋಣೆ, ಮೇಲೊಂದು ಹೊಗೆಗೂಡು, ಸುತ್ತ ಕಾಡು. ನೋಡಲು ಚಂದ. ಆದರೆ ಆ ಕೋಣೆ ಹೇಗೆ ನಡೆಯುತ್ತಿತ್ತು ಅಂತ ಅರ್ಥವಾಗಬೇಕಾದರೆ ಗೋಡೆಗಿಂತ ಮೊದಲು ಲೆಕ್ಕದ ಪುಸ್ತಕ ನೋಡಬೇಕು. ಕಟ್ಟಿದವರು ಯಾರು, ಮೇಷ್ಟ್ರಿಗೆ ಕೊಟ್ಟವರು ಯಾರು, ಕೊಡಲಾಗದವರ ಮಕ್ಕಳ ಗತಿ ಏನಾಯಿತು? ಹೆಚ್ಚಾಗಿ ಇಂಡಿಯಾನಾವನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಲ್ಲಿನ ಕಥೆ ಕಾಗದದಲ್ಲಿ ಚೆನ್ನಾಗಿ ಉಳಿದಿದೆ, ಮತ್ತು ಜಗಳವೂ ಅಲ್ಲೇ ಜಾಸ್ತಿ ದಿನ ನಡೆಯಿತು.

16ನೆಯ ಚೌಕ

ಮೊದಲು ನೆಲದ ವಿಷಯ. 1785ರ ಕಾನೂನು ಕಾಡನ್ನು ಚೌಕಚೌಕವಾಗಿ ಕತ್ತರಿಸಿತು. 6 ಮೈಲಿ ಉದ್ದ, 6 ಮೈಲಿ ಅಗಲದ ಒಂದು ತುಂಡಿಗೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ 36 ಚೌಕಗಳು. ಒಂದು ಚೌಕ ಅಂದರೆ 640 ಎಕರೆ. ಇವುಗಳಲ್ಲಿ 16ನೆಯದು ಟೌನ್‌ಶಿಪ್ಪಿನ ಹೆಚ್ಚುಕಡಿಮೆ ನಡುವೆ ಬೀಳುತ್ತಿತ್ತು. ಆ ಚೌಕ ಶಾಲೆಗೆ.

ಶಾಲೆಯ ಕಟ್ಟಡ ಆ ಚೌಕದಲ್ಲೇ ಇರಬೇಕಿತ್ತು ಅಂತ ತುಂಬಾ ಜನ ತಿಳಿಯುತ್ತಾರೆ. ಹಾಗಲ್ಲ. ಆ 640 ಎಕರೆಯಿಂದ ಬರುವ ಗುತ್ತಿಗೆ ಹಣದಲ್ಲಿ ಆ ಟೌನ್‌ಶಿಪ್ಪಿನ ಶಾಲೆ ನಡೆಯಬೇಕು ಅನ್ನುವುದು ಯೋಚನೆ. ನಮ್ಮ ದೇವಸ್ಥಾನಗಳಿಗೆ ಇನಾಮು ಜಮೀನು ಬಿಡುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. ಎರಡು ವರ್ಷದ ನಂತರ, 1787ರಲ್ಲಿ, ಅದೇ ಪ್ರದೇಶದ ಆಡಳಿತಕ್ಕೆ ಮಾಡಿದ ಇನ್ನೊಂದು ಕಾನೂನು ಶಾಲೆಗಳಿಗೆ ಎಂದೆಂದಿಗೂ ಉತ್ತೇಜನ ಕೊಡಬೇಕು ಎಂದು ಸಾರಿತು.

ಯೋಚನೆ ಒಳ್ಳೆಯದೇ. ಸೋತದ್ದು ಲೆಕ್ಕದಲ್ಲಿ. 1820ರ ಹೊತ್ತಿಗೆ ಸರ್ಕಾರದ ಕಾಡು ಎಕರೆಗೆ ಒಂದೂಕಾಲು ಡಾಲರಿಗೆ ಸಿಗುತ್ತಿತ್ತು. ಅಷ್ಟು ಅಗ್ಗಕ್ಕೆ ಸ್ವಂತ ನೆಲವೇ ಸಿಗುವಾಗ ಶಾಲೆಯ ಕಾಡನ್ನು ಗುತ್ತಿಗೆಗೆ ಹಿಡಿದು ಮರ ಕಡಿಯುವವರು ಯಾರು? ಕೆಲವು ಕಡೆ ಆ ಚೌಕ ಜೌಗಿನಲ್ಲಿ ಬಿತ್ತು. ಕೆಲವು ಕಡೆ ಮರ ಕಳುವಾಯಿತು. ಗುತ್ತಿಗೆಗೆ ಹಿಡಿದವರು ಬಾಡಿಗೆ ಕೊಡಲಿಲ್ಲ. ಕೊನೆಗೆ ಕಾಂಗ್ರೆಸ್ 1826ರಲ್ಲಿ ಓಹಾಯೊಗೆ, 1828ರಲ್ಲಿ ಇಂಡಿಯಾನಾಗೆ ಆ ನೆಲ ಮಾರಲು ಒಪ್ಪಿಗೆ ಕೊಟ್ಟಿತು. ಎಷ್ಟೋ ಕಡೆ ಅದು ಕಡಿಮೆ ಬೆಲೆಗೆ ಹೋಯಿತು. ಬಂದ ಹಣವನ್ನು ಸಾಲ ಕೊಟ್ಟು ಬಡ್ಡಿಯಲ್ಲಿ ಶಾಲೆ ನಡೆಸಬೇಕಿತ್ತು. ಸಾಲ ಎಲ್ಲ ಕಡೆ ಹಿಂದಿರುಗಲಿಲ್ಲ.

ಲಿಂಕನ್ ಹುಟ್ಟಿದ ಕೆಂಟಕಿಯಲ್ಲಂತೂ ಇಷ್ಟೂ ಇರಲಿಲ್ಲ. ಅದು ಮೊದಲು ವರ್ಜೀನಿಯಾದ ಭಾಗ. ಒಕ್ಕೂಟ ಸರ್ಕಾರದ ನೆಲವಾಗಿ ಯಾವತ್ತೂ ಇರಲಿಲ್ಲ, ಹಾಗಾಗಿ 16ನೆಯ ಚೌಕವೂ ಇಲ್ಲ.

ಇಂಡಿಯಾನಾ ರಾಜ್ಯವಾದದ್ದು 1816ರಲ್ಲಿ, ಲಿಂಕನ್ ಮನೆಯವರು ಬಂದ ವರ್ಷವೇ. ಅದರ ಸಂವಿಧಾನ ಓದಿದರೆ ಮನಸ್ಸು ತುಂಬುತ್ತದೆ. ಟೌನ್‌ಶಿಪ್ ಶಾಲೆಯಿಂದ ರಾಜ್ಯದ ವಿಶ್ವವಿದ್ಯಾಲಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಶಿಕ್ಷಣ, ಫೀಸು ಇಲ್ಲ, ಎಲ್ಲರಿಗೂ ಸಮವಾಗಿ ಬಾಗಿಲು ತೆರೆದಿರಬೇಕು. ಅಷ್ಟು ದೊಡ್ಡ ಮಾತನ್ನು 1816ರಲ್ಲಿ ಕಾಡಿನ ನಡುವಿನ ಒಂದು ಬಡ ರಾಜ್ಯ ಬರೆದಿಟ್ಟಿತು. ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತು ಇತ್ತು: ಪರಿಸ್ಥಿತಿ ಅವಕಾಶ ಕೊಟ್ಟ ಕೂಡಲೇ. ಆ ಪರಿಸ್ಥಿತಿ ಬರಲು ಇನ್ನೂ 36 ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದಿಡೀ ತಲೆಮಾರು ಬೆಳೆದು ದೊಡ್ಡದಾಯಿತು.

ಒಂದೂವರೆ ಮಗುವಿನ ಚಂದಾ

ನೆಲದಿಂದ ಹಣ ಬರಲಿಲ್ಲ, ತೆರಿಗೆ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಚಂದಾ ಶಾಲೆ.

ಅದು ನಡೆಯುತ್ತಿದ್ದದ್ದು ಹೀಗೆ. ಸುಗ್ಗಿ ಮುಗಿದ ಮೇಲೆ ಒಬ್ಬ ಮನುಷ್ಯ ನಡೆದುಕೊಂಡೋ ಕುದುರೆ ಮೇಲೋ ಆ ಕಡೆ ಬರುತ್ತಾನೆ. ಕೈಯಲ್ಲಿ ಒಂದು ಕರಾರು ಕಾಗದ. ಮೂರು ತಿಂಗಳು ಓದು, ಬರಹ, ಲೆಕ್ಕ ಕಲಿಸುತ್ತೇನೆ, ಒಂದು ಮಗುವಿಗೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಒಂದು ಡಾಲರೋ ಎರಡು ಡಾಲರೋ, ಆ ಆಸುಪಾಸು. ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳುತ್ತಾನೆ. ಸಾಕಷ್ಟು ಮಕ್ಕಳು ಸಿಕ್ಕಿದರೆ ಶಾಲೆ ಉಂಟು. ಸಿಗದಿದ್ದರೆ ಅವನು ಮುಂದಿನ ಊರಿಗೆ, ಈ ಊರಿನ ಮಕ್ಕಳಿಗೆ ಆ ವರ್ಷ ಶಾಲೆ ಇಲ್ಲ.

ಈ ಕರಾರುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅರ್ಧದ ಲೆಕ್ಕ. ಕೆಲವರು ಒಂದೂವರೆ ಮಗುವಿಗೆ ಚಂದಾ ಬರೆಯುತ್ತಿದ್ದರು. ಅಂದರೆ ಒಬ್ಬ ಮಗ ಮೂರು ತಿಂಗಳೂ ಬರುತ್ತಾನೆ, ಇನ್ನೊಬ್ಬ ಅರ್ಧ ಅವಧಿ ಮಾತ್ರ. ಕೆಲವೊಮ್ಮೆ ಆ ಅರ್ಧವನ್ನೇ ಇಬ್ಬರು ಮಕ್ಕಳು ಹಂಚಿಕೊಳ್ಳುತ್ತಿದ್ದರು. ಯಾರನ್ನು ಕಳಿಸುವುದು, ಯಾರನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುವುದು ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಕಿತ್ತು. ಮೂರು ಗಂಡು, ಎರಡು ಹೆಣ್ಣು ಮಕ್ಕಳಿರುವ ಮನೆಯಲ್ಲಿ ಆ ಮಾತು ಹೇಗೆ ನಡೆದಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ನಗದು ಅನ್ನುವುದು ಕಾಡಿನಲ್ಲಿ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾಗಾಗಿ ಮೇಷ್ಟ್ರಿಗೆ ಮೆಕ್ಕೆಜೋಳ, ಗೋಧಿ, ಹಂದಿ ಮಾಂಸ, ಜಿಂಕೆ ಮಾಂಸ, ಪ್ರಾಣಿಗಳ ಚರ್ಮ, ಉಣ್ಣೆ, ಸೌದೆ ಕೊಡುತ್ತಿದ್ದರು. ಜೊತೆಗೆ ಊಟ ಮತ್ತು ಇರಲು ಜಾಗ. ಮೇಷ್ಟ್ರು ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ಕೆಲವು ದಿನ ಇರಬೇಕು. ಎಷ್ಟು ಮಕ್ಕಳನ್ನು ಕಳಿಸುತ್ತೀರೋ ಅಷ್ಟು ದಿನ ಮೇಷ್ಟ್ರು ನಿಮ್ಮ ಮನೆಯಲ್ಲಿ. ಆ ಮನೆಯೂ ಒಂದೇ ಕೋಣೆಯದ್ದು. ಹಗಲು ಬೆತ್ತ ಹಿಡಿದ ಮೇಷ್ಟ್ರು ರಾತ್ರಿ ಅದೇ ಹುಡುಗರ ಜೊತೆ ಅಟ್ಟದ ಮೇಲೆ ಮಲಗಬೇಕಿತ್ತು. ಊರಿನ ಯಾವ ಮನೆಯ ಗುಟ್ಟೂ ಅವರಿಗೆ ಗೊತ್ತಿರುತ್ತಿತ್ತು, ಅವರ ಗುಟ್ಟೂ ಊರಿಗೆಲ್ಲ ಗೊತ್ತಾಗುತ್ತಿತ್ತು.

ಕಟ್ಟಡಕ್ಕೂ ಹಣವಿಲ್ಲ. ಅದಕ್ಕೆ ಮೈಮುರಿದು ದುಡಿಯುವುದೇ ಚಂದಾ. 1824ರ ಇಂಡಿಯಾನಾ ಕಾನೂನು ಇದನ್ನೇ ನಿಯಮ ಮಾಡಿತು. ಶಾಲಾ ವಲಯದಲ್ಲಿ ಸ್ವಂತ ನೆಲವೋ ಮನೆಯೋ ಇರುವ, 21 ವರ್ಷ ದಾಟಿದ, ಮೈಯಲ್ಲಿ ಶಕ್ತಿಯಿರುವ ಪ್ರತಿ ಗಂಡಸೂ ವಾರಕ್ಕೆ ಒಂದು ದಿನ ಶಾಲೆ ಕಟ್ಟುವ ಕೆಲಸಕ್ಕೆ ಬರಬೇಕು. ಕಟ್ಟಿ ಮುಗಿಯುವ ತನಕ. ಬರದ ದಿನಕ್ಕೆ ಮೂವತ್ತೇಳೂವರೆ ಸೆಂಟ್ ದಂಡ, ಅಂದರೆ ಡಾಲರಿನ ಎಂಟರಲ್ಲಿ ಮೂರು ಭಾಗ. ಕೋಣೆಯ ಎತ್ತರ 8 ಅಡಿ ಇರಬೇಕು, ನೆಲಹಾಸು ಮಣ್ಣಿನಿಂದ ಕನಿಷ್ಠ 1 ಅಡಿ ಮೇಲಿರಬೇಕು, ಮೇಷ್ಟ್ರಿಗೂ ಮಕ್ಕಳಿಗೂ ಹಿತವಾಗುವಂತೆ ಮುಗಿಸಬೇಕು ಎಂದೂ ಅದರಲ್ಲಿತ್ತು. ನನಗೆ ಈ ಕಾನೂನಿನ ಮೇಲೆ ಗೌರವವಿದೆ. ದುಡ್ಡಿಲ್ಲದ ಊರಿನಿಂದ ಏನು ಕೇಳಬಹುದೋ ಅದನ್ನೇ ಅದು ಕೇಳಿತು.

ಕೋಣೆಯ ಒಳಗೆ

ಕಟ್ಟುವ ಕ್ರಮ ಮನೆ ಕಟ್ಟುವ ಕ್ರಮವೇ. ನೇರವಾದ ಮರಗಳನ್ನು ಕಡಿದು, ದಿಮ್ಮಿಗಳ ತುದಿಯಲ್ಲಿ ಕಚ್ಚು ತೆಗೆದು, ಮೂಲೆಯಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಸಂದುಗಳಿಗೆ ಮರದ ಚಕ್ಕೆ ತುರುಕಿ ಜೇಡಿಮಣ್ಣು ಮೆತ್ತುತ್ತಾರೆ. ಚಾವಣಿಗೆ ಸೀಳಿದ ಹಲಗೆ. ಮೊಳೆ ದುಬಾರಿ, ಆದ್ದರಿಂದ ಹಲಗೆ ಹಾರದಂತೆ ಮೇಲೆ ಉದ್ದನೆಯ ಗಳುಗಳ ಭಾರ ಹೇರುತ್ತಾರೆ. ಬಾಗಿಲಿಗೆ ಮರದ ಅಥವಾ ಚರ್ಮದ ಕೀಲು, ಮರದ ಅಗುಳಿ. ಇಡೀ ಕಟ್ಟಡದಲ್ಲಿ ಕಬ್ಬಿಣದ ಚೂರೂ ಇಲ್ಲದಿರುವುದು ಅಪರೂಪವೇನಲ್ಲ.

ಬೆಳಕಿನ ಏರ್ಪಾಡು ಜಾಣತನದ್ದು. ಒಂದು ಗೋಡೆಯಲ್ಲಿ ಉದ್ದಕ್ಕೂ ಒಂದು ದಿಮ್ಮಿ ತೆಗೆದುಬಿಡುತ್ತಾರೆ. ಆ ಸಂದಿಗೆ ಹಂದಿ ಕೊಬ್ಬು ಸವರಿದ ಕಾಗದ ಅಂಟಿಸುತ್ತಾರೆ. ಕೊಬ್ಬಿನಿಂದ ಕಾಗದ ಮಬ್ಬಾಗಿ ಬೆಳಕು ಬಿಡುತ್ತದೆ, ಮಳೆಗೂ ಸ್ವಲ್ಪ ತಡೆಯುತ್ತದೆ. ಗಾಜು ಕಾಡಿಗೆ ಬರಲು ಇನ್ನೂ ಕಾಲವಿತ್ತು. ಆ ಕಿಟಕಿಯ ಕೆಳಗೇ ಗೋಡೆಗೆ ಗೂಟ ಹೊಡೆದು ಒಂದು ಅಗಲದ ಹಲಗೆಯನ್ನು ಓರೆಯಾಗಿ ಇಡುತ್ತಾರೆ. ಬರೆಯುವವರು ಅಲ್ಲಿ ಕೂರಬೇಕು. ಬರೆಯಲು ಬಾರದ ಚಿಕ್ಕವರಿಗೆ ಬೆಳಕಿನ ಪಾಲಿಲ್ಲ.

ಚಿಕ್ಕವರು ಕೂರುವ ಬೆಂಚು ಅಂದರೆ ಅರ್ಧಕ್ಕೆ ಸೀಳಿದ ದಿಮ್ಮಿ. ಸಪಾಟಾದ ಮುಖ ಮೇಲೆ, ಅಡಿಗೆ ಬೈರಿಗೆಯಿಂದ ತೂತು ಕೊರೆದು ನಾಲ್ಕು ಗೂಟದ ಕಾಲು. ಒರಗಲು ಏನೂ ಇಲ್ಲ. ದೊಡ್ಡವರ ಎತ್ತರಕ್ಕೆ ಮಾಡಿದ್ದರಿಂದ ಆರು ವರ್ಷದ ಮಗುವಿನ ಕಾಲು ನೆಲಕ್ಕೆ ತಾಗುವುದಿಲ್ಲ. ಇಡೀ ದಿನ ಹಾಗೇ ತೂಗಾಡಿಸಿಕೊಂಡು ಕೂರಬೇಕು. ಒಂದು ಗೋಡೆಯನ್ನು ಹೆಚ್ಚುಕಡಿಮೆ ಪೂರಾ ಒಲೆಯೇ ನುಂಗಿರುತ್ತಿತ್ತು. ಮುಂದೆ ಕೂತವರಿಗೆ ಸೆಕೆ, ಹಿಂದೆ ಕೂತವರಿಗೆ ನಡುಕ. ಮೂಲೆಯಲ್ಲಿ ಒಂದು ನೀರಿನ ಬಕೆಟ್, ಎಲ್ಲರಿಗೂ ಸೇರಿ ಒಂದೇ ಸೋರೆ ಬುರುಡೆ.

ಈಗ ಕಲಿಸುವ ಕಷ್ಟಕ್ಕೆ ಬರೋಣ. ಆರು ವರ್ಷದ ಮಗುವಿನಿಂದ ಇಪ್ಪತ್ತರ ಯುವಕನವರೆಗೆ ಮೂವತ್ತು ನಲವತ್ತು ಜನ ಒಂದೇ ಕೋಣೆಯಲ್ಲಿ. ಒಬ್ಬರೇ ಮೇಷ್ಟ್ರು. ತರಗತಿ ಇಲ್ಲ, ಗೋಡೆ ಮೇಲೆ ಕಪ್ಪು ಹಲಗೆಯೂ ಇಲ್ಲ. ಒಂದೇ ತರಹದ ಪುಸ್ತಕವೂ ಇಲ್ಲ, ಯಾಕೆಂದರೆ ಮಕ್ಕಳು ಮನೆಯಲ್ಲಿ ಏನಿದೆಯೋ ಅದನ್ನು ತರುತ್ತಾರೆ. ಒಬ್ಬನ ಹತ್ತಿರ ಬೈಬಲ್, ಇನ್ನೊಬ್ಬಳ ಹತ್ತಿರ ಹಳೆಯ ಪಂಚಾಂಗ, ಮತ್ತೊಬ್ಬನ ಹತ್ತಿರ ನೋವಾ ವೆಬ್‌ಸ್ಟರ್ 1783ರಲ್ಲಿ ಮೊದಲು ಹೊರತಂದ, ಮುಂದೆ ನೀಲಿ ರಟ್ಟಿಗೆ ಹೆಸರಾದ ಕಾಗುಣಿತದ ಪುಸ್ತಕ.

ಇಂಥ ಕಡೆ ಎಲ್ಲರಿಗೂ ಒಟ್ಟಿಗೆ ಪಾಠ ಹೇಳುವುದು ಸಾಧ್ಯವೇ ಇಲ್ಲ. ಮೇಷ್ಟ್ರು ಪಾಠ ಹೇಳುತ್ತಲೂ ಇರಲಿಲ್ಲ. ಅವರ ಕೆಲಸ ಒಪ್ಪಿಸಿಕೊಳ್ಳುವುದು. ಮಗು ತನ್ನ ಜಾಗದಲ್ಲಿ ಕೂತು ಬಾಯಿಪಾಠ ಮಾಡುತ್ತದೆ. ಸರದಿ ಬಂದಾಗ ಮುಂದೆ ಹೋಗಿ ನಿಂತು ಒಪ್ಪಿಸುತ್ತದೆ. ತಪ್ಪಿದರೆ ಹಿಂದಕ್ಕೆ, ಮತ್ತೆ ಕಲಿಯಬೇಕು. ಸರಿಯಾದರೆ ಮುಂದಿನ ಪುಟ. ಅಷ್ಟರಲ್ಲಿ ಉಳಿದವರು ಓದುತ್ತಿದ್ದಾರೋ ಇಲ್ಲವೋ ಮೇಷ್ಟ್ರಿಗೆ ತಿಳಿಯುವುದು ಹೇಗೆ? ಅದಕ್ಕೆ ಎಷ್ಟೋ ಶಾಲೆಗಳಲ್ಲಿ ಎಲ್ಲರೂ ಗಟ್ಟಿಯಾಗಿ ಓದಬೇಕು ಅನ್ನುವ ನಿಯಮವಿತ್ತು. ನಲವತ್ತು ಬಾಯಿ, ನಲವತ್ತು ಬೇರೆ ಬೇರೆ ಪಾಠ, ಒಂದೇ ಕೋಣೆ. ಲಿಂಕನ್ ಹೋದದ್ದೂ ಇಂಥ ಶಾಲೆಗೇ. ಮುಂದೆ ವಕೀಲರಾದ ಮೇಲೂ ಅವರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ಹೋಗಲಿಲ್ಲ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಅದರಿಂದ ಕಿರಿಕಿರಿಯಾಗುತ್ತಿತ್ತು.

ಈ ಕ್ರಮದಲ್ಲಿ ಒಂದು ಒಳ್ಳೆಯ ಗುಣವೂ ಇತ್ತು. ವಯಸ್ಸಿಗೂ ಪಾಠಕ್ಕೂ ಗಂಟು ಇರಲಿಲ್ಲ. ಹದಿನೇಳು ವರ್ಷದವನು ಅಕ್ಷರದಿಂದ ಶುರು ಮಾಡಬಹುದು, ಒಂಬತ್ತರ ಹುಡುಗಿ ಅವನಿಗಿಂತ ಮುಂದಿರಬಹುದು. ಚಿಕ್ಕವರು ದೊಡ್ಡವರ ಪಾಠ ಕೇಳಿ ಕೇಳಿ ಮುಂದಿನ ವರ್ಷದ ಪಾಠ ಈಗಲೇ ಕಲಿತಿರುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಕೊನೆಯ ಮಾತಿಗೆ ನಮ್ಮ ಕಡೆಯ ಒಂದು ಎಳೆ ಇದೆ. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ನೋಡಿ ತನ್ನ ಶಾಲೆಗೂ ಅದನ್ನು ತಂದ. ಮುಂದಿದ್ದ ಹುಡುಗರಿಂದಲೇ ಹಿಂದಿದ್ದವರಿಗೆ ಪಾಠ ಮಾಡಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಬರೆದ. ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಇಂಥದ್ದೇ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದ, 1806ರಲ್ಲಿ ಅದು ನ್ಯೂಯಾರ್ಕಿನ ಬಡ ಮಕ್ಕಳ ಶಾಲೆಗೆ ಬಂತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಕನ್ನಡ, ತೆಲುಗು ಶಾಲೆಗಳ ವರದಿ ಬರೆದಾಗ ಇದೇ ಕ್ರಮವನ್ನು ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಸರಿಸಿದ್ದು ಸರಿಯಾಗಿದೆ ಎಂದ. ಕಾಡಿನ ಮೇಷ್ಟ್ರುಗಳು ಇದನ್ನೆಲ್ಲ ಓದಿ ಮಾಡಿದವರಲ್ಲ. ಕೈ ಸಾಲದೆ ಮಾಡಿದರು. ನ್ಯೂಯಾರ್ಕಿನಂಥ ಪಟ್ಟಣದಲ್ಲಿ ಮಾತ್ರ ಅದು ಹೆಸರಿರುವ ಪದ್ಧತಿ.

ಬರೆಯಲು ಹೆಬ್ಬಾತಿನ ಗರಿ. ಗರಿ ಚೂಪು ಮಾಡಿಕೊಡುವುದಕ್ಕೇ ಮೇಷ್ಟ್ರ ಸಮಯ ಎಷ್ಟೋ ಹೋಗುತ್ತಿತ್ತು. ಶಾಯಿ ಮನೆಯಲ್ಲೇ ಆಗುತ್ತಿತ್ತು: ಓಕ್ ಅಥವಾ ಮೇಪಲ್ ಮರದ ತೊಗಟೆ ಕುದಿಸಿ ಅನ್ನಭೇದಿ ಹಾಕಿದರೆ ಕಪ್ಪು ಬಣ್ಣ. ಕಾಗದ ದುಬಾರಿ. ಲಿಂಕನ್ ಮಲತಾಯಿ ಸಾರಾ ಹೇಳಿರುವಂತೆ, ಕಾಗದ ಇಲ್ಲದಾಗ ಹುಡುಗ ಹಲಗೆಯ ಮೇಲೆ ಬರೆಯುತ್ತಿದ್ದ. ಹಲಗೆ ಪೂರ್ತಿ ಕಪ್ಪಾದ ಮೇಲೆ ಹೆರೆದು ಮತ್ತೆ ಬರೆಯುತ್ತಿದ್ದ. ಅವನು ಹೊಲಿದುಕೊಂಡ ಲೆಕ್ಕದ ಪುಸ್ತಕದ ಕೆಲವು ಹಾಳೆಗಳನ್ನು ಆ ತಾಯಿ ಜೋಪಾನ ಮಾಡಿದ್ದರಿಂದ ಅವು ಇವತ್ತಿಗೂ ಉಳಿದಿವೆ. ಒಂದು ಹಾಳೆಯ ಮೂಲೆಯಲ್ಲಿ, ಇದು ಅಬ್ರಹಾಂ ಲಿಂಕನ್ ಕೈಬರಹ, ಅವನು ಒಳ್ಳೆಯವನಾಗುತ್ತಾನೆ, ಯಾವಾಗ ಅನ್ನುವುದು ದೇವರಿಗೇ ಗೊತ್ತು ಎಂದು ಬರೆದುಕೊಂಡಿದ್ದಾನೆ.

ಲೆಕ್ಕದ ಕೊನೆಯ ಮೆಟ್ಟಿಲು ತ್ರೈರಾಶಿ. ಎಂಟು ಹಂದಿಗೆ ಇಷ್ಟು ಡಾಲರ್ ಆದರೆ ಐದಕ್ಕೆ ಎಷ್ಟು ಅನ್ನುವ ತರಹದ್ದು. ಅಷ್ಟು ಬಂದರೆ ನದಿ ದಡದ ವ್ಯಾಪಾರಿ ಮೋಸ ಮಾಡಲಾರ, ಜಮೀನಿನ ಲೆಕ್ಕ ತಪ್ಪಲಾರದು. ಮೇಷ್ಟ್ರಿಗೂ ಅಷ್ಟು ಗೊತ್ತಿದ್ದರೆ ಸಾಕಿತ್ತು. ಆ ಸೀಮೆಯಲ್ಲಿ ಓದು, ಬರಹ, ತ್ರೈರಾಶಿ ತನಕದ ಲೆಕ್ಕ ಬಿಟ್ಟು ಮೇಷ್ಟ್ರಿಂದ ಬೇರೇನನ್ನೂ ಕೇಳುತ್ತಿರಲಿಲ್ಲ, ಲ್ಯಾಟಿನ್ ಬಲ್ಲವನು ಅಪ್ಪಿತಪ್ಪಿ ಬಂದರೆ ಜನ ಅವನನ್ನು ಮಂತ್ರವಾದಿಯ ಹಾಗೆ ನೋಡುತ್ತಿದ್ದರು ಎಂದು ಲಿಂಕನ್ 1859ರಲ್ಲಿ ಬರೆದಿದ್ದಾರೆ.

1836ರಲ್ಲಿ ಸಿನ್ಸಿನಾಟಿಯಿಂದ ವಿಲಿಯಂ ಮೆಕ್‌ಗಫಿಯ ಓದುವ ಪುಸ್ತಕಗಳು ಬಂದ ಮೇಲೆ ಒಂದು ದೊಡ್ಡ ಬದಲಾವಣೆ ಆಯಿತು. ಒಂದನೆಯದು, ಎರಡನೆಯದು ಎಂದು ಸಾಲಾಗಿ ಬಂದ ಆ ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾದವು. ಎಲ್ಲರ ಕೈಗೂ ಒಂದೇ ಪುಸ್ತಕ ಬಂದದ್ದರಿಂದ ಮಕ್ಕಳನ್ನು ಗುಂಪು ಮಾಡಲು ಸಾಧ್ಯವಾಯಿತು. ನೀನು ಎಷ್ಟನೆಯ ತರಗತಿ ಎಂದು ಯಾರೂ ಕೇಳುತ್ತಿರಲಿಲ್ಲ, ಯಾವ ಪುಸ್ತಕದಲ್ಲಿದ್ದೀಯ ಎಂದು ಕೇಳುತ್ತಿದ್ದರು. ಆ ಪುಸ್ತಕಗಳ ತುಂಬ ಉಪದೇಶವಿತ್ತು. ಅದು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಮನೆಯಲ್ಲಿ ಬೇರೆ ಪುಸ್ತಕವೇ ಇಲ್ಲದ ಮಗುವಿಗೆ ಕಥೆ, ಪದ್ಯ, ಭಾಷಣ ಮೊದಲು ಸಿಕ್ಕಿದ್ದು ಅಲ್ಲೇ.

ಮೇಷ್ಟ್ರ ಬದಲು ಮೇಡಂ

ಮೊದಲ ದಶಕಗಳಲ್ಲಿ ಕಲಿಸುವವರು ಹೆಚ್ಚಾಗಿ ಗಂಡಸರು. ಅವರಿಗೂ ಅದು ಚಳಿಗಾಲದ ಕೆಲಸ ಅಷ್ಟೇ. ದೊಡ್ಡ ಹುಡುಗರು ಹೊಲದ ಕೆಲಸ ಇಲ್ಲದ ಚಳಿಗಾಲದಲ್ಲಿ ಶಾಲೆಗೆ ಬರುತ್ತಿದ್ದರು. ಅವರನ್ನು ಹತೋಟಿಯಲ್ಲಿಡಲು ತೋಳಲ್ಲಿ ಬಲ ಬೇಕು ಎಂದು ಊರವರು ನಂಬಿದ್ದರು. ಬೆತ್ತ ಧಾರಾಳವಾಗಿ ಓಡಾಡುತ್ತಿತ್ತು. ಮಕ್ಕಳಿಗೂ ವರ್ಷಕ್ಕೊಂದು ದಿನ ಸೇಡಿಗೆ ಅವಕಾಶವಿತ್ತು. ಕ್ರಿಸ್‌ಮಸ್ ಹತ್ತಿರ ಬಂದಾಗ ಅವರು ಬೆಳಗ್ಗೆ ಬೇಗ ಬಂದು ಒಳಗಿನಿಂದ ಅಗುಳಿ ಹಾಕಿ ಮೇಷ್ಟ್ರನ್ನು ಹೊರಗೆ ನಿಲ್ಲಿಸುತ್ತಿದ್ದರು. ಸೇಬು, ಮಿಠಾಯಿ ಕೊಡಿಸುತ್ತೇನೆ ಎಂದು ಒಪ್ಪುವ ತನಕ ಬಾಗಿಲು ತೆರೆಯುತ್ತಿರಲಿಲ್ಲ. ಕೆಲವು ಮೇಷ್ಟ್ರುಗಳು ಹೊಗೆಗೂಡಿನ ಬಾಯಿಗೆ ಹಲಗೆ ಮುಚ್ಚಿ ಮಕ್ಕಳನ್ನು ಹೊಗೆಯಿಂದ ಹೊರಗೆ ಬರಿಸುತ್ತಿದ್ದರು. ಊರವರು ಇದನ್ನು ಹಬ್ಬದ ಆಟವೆಂದೇ ನೋಡುತ್ತಿದ್ದರು.

1840ರ ದಶಕದಲ್ಲಿ ಕ್ಯಾಥರಿನ್ ಬೀಚರ್ ಎಂಬಾಕೆ ಒಂದು ವಾದ ಮುಂದಿಟ್ಟರು. ಪೂರ್ವದ ರಾಜ್ಯಗಳಲ್ಲಿ ಓದಿದ ಹೆಣ್ಣುಮಕ್ಕಳು ಸಾವಿರಾರು ಜನ ಇದ್ದಾರೆ, ಪಶ್ಚಿಮದಲ್ಲಿ ಕಲಿಸುವವರಿಲ್ಲದ ಮಕ್ಕಳಿದ್ದಾರೆ, ಇಬ್ಬರನ್ನೂ ಸೇರಿಸೋಣ. ವರ್ಮಾಂಟಿನ ಮಾಜಿ ಗವರ್ನರ್ ವಿಲಿಯಂ ಸ್ಲೇಡ್ ನಡೆಸಿದ ಮಂಡಳಿ 1847ರಿಂದ ಮುಂದಿನ ಹತ್ತು ವರ್ಷದಲ್ಲಿ ಸುಮಾರು 600 ಶಿಕ್ಷಕಿಯರನ್ನು ಕಳಿಸಿತು. ಕೆಲವು ವಾರಗಳ ತರಬೇತಿ, ಎರಡು ವರ್ಷ ಕಲಿಸುತ್ತೇನೆಂಬ ಒಪ್ಪಂದ, ಆಮೇಲೆ ರೈಲು, ದೋಣಿ, ಕುದುರೆ ಗಾಡಿ. ಅವರಲ್ಲಿ ಹಲವರು ಮತ್ತೆ ಹಿಂದಿರುಗಲೇ ಇಲ್ಲ, ಹೋದಲ್ಲೇ ನೆಲೆ ನಿಂತರು.

ಹೆಂಗಸರು ಕಲಿಸುವುದು ಬೇಗ ಹರಡಲು ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡಬಾರದು. ಅವರಿಗೆ ಗಂಡಸರ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಕೊಟ್ಟರೆ ಸಾಕಿತ್ತು. ದುಡ್ಡಿಲ್ಲದ ಊರು ಇಲ್ಲಿಯೂ ಯಾರಿಂದಲೋ ಉಳಿಸಿಕೊಳ್ಳುತ್ತಿತ್ತು.

ತೆರಿಗೆಯ ಜಗಳ

ಚಂದಾ ಶಾಲೆಗಳ ಫಲ 1840ರ ಜನಗಣತಿಯಲ್ಲಿ ಕಂಡಿತು. ಇಂಡಿಯಾನಾದಲ್ಲಿ ವಯಸ್ಕರಲ್ಲಿ ಏಳಕ್ಕೆ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ವಬಾಶ್ ಕಾಲೇಜಿನ ಪ್ರಾಧ್ಯಾಪಕ ಕೇಲಬ್ ಮಿಲ್ಸ್ ಈ ಅಂಕಿಯನ್ನು ಕೈಯಲ್ಲಿ ಹಿಡಿದರು. 1846ರಿಂದ ಅವರು ಶಾಸನಸಭೆ ಸೇರಿದಾಗಲೆಲ್ಲ ಹೆಸರು ಹಾಕದೆ, ಜನರಲ್ಲಿ ಒಬ್ಬ ಎಂದಷ್ಟೇ ಸಹಿ ಮಾಡಿ, ಪತ್ರಿಕೆಯಲ್ಲಿ ಸದಸ್ಯರಿಗೆ ಒಂದು ದೀರ್ಘ ಸಂದೇಶ ಅಚ್ಚು ಹಾಕಿಸುತ್ತಿದ್ದರು. ಅವರು ಹೇಳಿದ್ದು ಸರಳ: ಚಂದಾದಿಂದ ಆಗದು, ನೆಲದಿಂದ ಆಗದು, ಎಲ್ಲರ ಆಸ್ತಿಯ ಮೇಲೆ ತೆರಿಗೆ ಹಾಕಿ ಎಲ್ಲರ ಮಕ್ಕಳಿಗೂ ಕಲಿಸಬೇಕು.

ಇವತ್ತು ಇದು ಸಹಜ ಅನಿಸುತ್ತದೆ, ಅಲ್ವಾ? ಆಗ ಹಾಗಿರಲಿಲ್ಲ. ಮಕ್ಕಳಿಲ್ಲದವನು ಇನ್ನೊಬ್ಬರ ಮಕ್ಕಳಿಗೆ ಯಾಕೆ ಕೊಡಬೇಕು? ಬೆವರು ಸುರಿಸಿ ಕಾಡು ಕಡಿದವನ ದುಡ್ಡನ್ನು ಸರ್ಕಾರ ಯಾಕೆ ಕಿತ್ತುಕೊಳ್ಳಬೇಕು? ಬಡವರ ಶಾಲೆಗೆ ಮಗನನ್ನು ಕಳಿಸಿದರೆ ನಾವೂ ಭಿಕ್ಷೆ ಪಡೆದಂತಾಗುವುದಿಲ್ಲವೇ? 1848ರಲ್ಲಿ ಇದನ್ನು ಜನರ ಮತಕ್ಕೇ ಹಾಕಿದರು. ಸುಮಾರು 56 ಪ್ರತಿಶತ ಜನ ಉಚಿತ ಶಾಲೆಯ ಪರ. ಗೆಲುವು ಗೆಲುವೇ, ಆದರೆ ನೂರಕ್ಕೆ 44 ಜನ ಬೇಡ ಅಂದರು ಅನ್ನುವುದನ್ನೂ ನೆನಪಿಡಬೇಕು. ಇನ್ನೊಂದು ಮಾತು: ಮತ ಹಾಕಿದವರೆಲ್ಲ ಗಂಡಸರು. ತಮ್ಮ ಮಕ್ಕಳ ಶಾಲೆಯ ಬಗ್ಗೆ ತಾಯಂದಿರನ್ನು ಯಾರೂ ಕೇಳಲಿಲ್ಲ.

1851ರಲ್ಲಿ ಹೊಸ ಸಂವಿಧಾನ, 1852ರಲ್ಲಿ ಶಾಲಾ ಕಾನೂನು ಬಂದವು. ರಾಜ್ಯಕ್ಕೆಲ್ಲ ಒಂದೇ ತೆರಿಗೆ, ಅದರ ಮೇಲೆ ಬೇಕಾದ ಊರು ತಾನೂ ಹೆಚ್ಚುವರಿ ತೆರಿಗೆ ಹಾಕಿಕೊಂಡು ಶಾಲೆಯನ್ನು ಇನ್ನಷ್ಟು ತಿಂಗಳು ನಡೆಸಬಹುದು. ಎರಡೇ ವರ್ಷ. 1854ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಸ್ಥಳೀಯ ತೆರಿಗೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಶಾಲೆಗಳು ರಾಜ್ಯದ ಎಲ್ಲ ಕಡೆ ಒಂದೇ ತರಹ ಇರಬೇಕು ಎಂದು ಸಂವಿಧಾನ ಹೇಳಿದೆ, ಊರಿಗೊಂದು ತೆರಿಗೆ ಹಾಕಿದರೆ ಒಂದೇ ತರಹ ಹೇಗಾಗುತ್ತದೆ ಅನ್ನುವುದು ಅದರ ತರ್ಕ. ಸಮಾನತೆಗೆಂದು ಬರೆದ ಮಾತೇ ಶಾಲೆಗಳ ಕೊರಳಿಗೆ ಬಂತು. ಅವಧಿಗಳು ಕುಗ್ಗಿದವು, ಎಷ್ಟೋ ಕಡೆ ಬಾಗಿಲು ಮುಚ್ಚಿತು, ಮತ್ತೆ ಚಂದಾ ಶುರುವಾಯಿತು. 1867ರಲ್ಲಿ ಶಾಸನಸಭೆ ಧೈರ್ಯ ಮಾಡಿ ಸ್ಥಳೀಯ ತೆರಿಗೆಯನ್ನು ಮತ್ತೆ ತಂದಿತು. 1885ರಲ್ಲಿ ಕೋರ್ಟು ತನ್ನ ಹಳೆಯ ನಿಲುವು ಬಿಟ್ಟು ಅದನ್ನು ಒಪ್ಪಿತು. 1785ರ ಕಾನೂನಿಗೆ ಆಗ ನೂರು ವರ್ಷ.

ಎಲ್ಲರ ಮಕ್ಕಳಿಗೂ ಅಂದಾಗ ಆ ಎಲ್ಲರಲ್ಲಿ ಯಾರು ಸೇರಿದ್ದರು? ಕಪ್ಪು ಮಕ್ಕಳು ಸೇರಿರಲಿಲ್ಲ. ಓಹಾಯೊ 1829ರಲ್ಲೇ ಅವರನ್ನು ಸಾರ್ವಜನಿಕ ಶಾಲೆಯಿಂದ ಹೊರಗಿಟ್ಟಿತು. ಉಚಿತ ಶಾಲೆಯ ದಾರಿ ತೆರೆದ ಇಂಡಿಯಾನಾದ ಅದೇ 1851ರ ಸಂವಿಧಾನ, ಕಪ್ಪು ಜನ ಹೊಸದಾಗಿ ರಾಜ್ಯಕ್ಕೆ ಬಂದು ನೆಲೆಸುವುದನ್ನೇ ನಿಷೇಧಿಸಿತು. ಅವರ ಮಕ್ಕಳಿಗೆ ಶಾಲೆ ಒದಗಿಸಬೇಕು ಎಂಬ ಕಾನೂನು ಬಂದದ್ದು 1869ರಲ್ಲಿ, ಅದೂ ಬೇರೆ ಶಾಲೆ. ಅಲ್ಲಿಯವರೆಗೆ ಅವರು ತಮ್ಮ ಶಾಲೆಗಳನ್ನು ತಾವೇ ಕಟ್ಟಿಕೊಂಡರು. ರಾಂಡಾಲ್ಫ್ ಕೌಂಟಿಯಲ್ಲಿ ಸ್ವತಂತ್ರ ಕಪ್ಪು ರೈತರೂ ಕ್ವೇಕರ್ ಎಂಬ ಕ್ರೈಸ್ತ ಪಂಥದವರೂ ಸೇರಿ 1846ರಲ್ಲಿ ಯೂನಿಯನ್ ಲಿಟರರಿ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಬಣ್ಣ, ಅಂತಸ್ತು, ಹಣ ಇವುಗಳ ಭೇದವನ್ನು ಇಲ್ಲಿ ಎಂದಿಗೂ ಸಹಿಸುವುದಿಲ್ಲ ಎಂದು ಅದರ ನಿಯಮದಲ್ಲೇ ಬರೆದರು. ಫೀಸು ಕಟ್ಟಲಾಗದ ಮಕ್ಕಳು ಹೊಲದಲ್ಲಿ ದುಡಿದು ಓದುತ್ತಿದ್ದರು. ರಾಜ್ಯ ಕಾಗದದಲ್ಲಿ ಬರೆದ ಸಮಾನತೆಯನ್ನು ಮಾಡಿ ತೋರಿಸಿದವರು ಇವರು.

ಆ 16ನೆಯ ಚೌಕವೂ ಸುಮ್ನೆ ಖಾಲಿ ಬಿದ್ದಿದ್ದ ಕಾಡಲ್ಲ. ಮಯಾಮಿ, ಡೆಲವೇರ್, ಶಾನೀ, ಪೊಟವಾಟಮಿ ಎಂಬ ಮೂಲನಿವಾಸಿ ಜನರ ನೆಲ. 1795ರ ಗ್ರೀನ್‌ವಿಲ್ ಒಪ್ಪಂದ ಓಹಾಯೊದ ಬಹುಭಾಗವನ್ನು ಅವರಿಂದ ಬಿಡಿಸಿತು. 1838ರಲ್ಲಿ ಇಂಡಿಯಾನಾದ ಟ್ವಿನ್ ಲೇಕ್ಸ್ ಹತ್ತಿರದಿಂದ ಸುಮಾರು 850 ಪೊಟವಾಟಮಿಗಳನ್ನು ಬಂದೂಕಿನ ಕಾವಲಿನಲ್ಲಿ ಕಾನ್ಸಸ್ಸಿಗೆ ನಡೆಸಿದರು. ದಾರಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಜಾಸ್ತಿ. ಶಾಲೆಗೆ ನೆಲ ಎಲ್ಲಿಂದ ಬಂತು ಎಂದು ಕೇಳಿದರೆ ಈ ಉತ್ತರವನ್ನೂ ಹೇಳಲೇಬೇಕು.

ಮರವಿಲ್ಲದ ಬಯಲಿನಲ್ಲಿ

ವಲಸೆ ಮಿಸಿಸಿಪ್ಪಿ ದಾಟಿ ಹುಲ್ಲುಗಾವಲಿಗೆ ಹೋದಾಗ ದಿಮ್ಮಿಯೇ ಸಿಗಲಿಲ್ಲ. ನೆಬ್ರಾಸ್ಕಾ, ಕಾನ್ಸಸ್‌ಗಳಲ್ಲಿ ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಎಬ್ಬಿಸಿದರು. ಅಷ್ಟರಲ್ಲಿ ಕಾಂಗ್ರೆಸ್ ಹೊಸ ಪ್ರದೇಶಗಳಲ್ಲಿ 16ರ ಜೊತೆ 36ನೆಯ ಚೌಕವನ್ನೂ ಶಾಲೆಗೆ ಬಿಟ್ಟಿತ್ತು. ಕ್ರಮ ಮಾತ್ರ ಹಳೆಯದೇ: ಒಂದು ಕೋಣೆ, ಒಬ್ಬ ಶಿಕ್ಷಕಿ, ಊರವರು ತಂದುಹಾಕುವ ಉರುವಲು.

1888ರ ಜನವರಿ 12ರಂದು ಆ ಬಯಲಿನಲ್ಲಿ ಶಾಲೆಯ ಹೊತ್ತಿನಲ್ಲೇ ಭಾರಿ ಹಿಮಗಾಳಿ ಎದ್ದಿತು. ನೆಬ್ರಾಸ್ಕಾದಲ್ಲಿ ಮಿನ್ನಿ ಫ್ರೀಮನ್ ಎಂಬ ಯುವ ಶಿಕ್ಷಕಿ, ಶಾಲೆಯ ಚಾವಣಿ ಹಾರಿಹೋದಾಗ ಮಕ್ಕಳೆಲ್ಲರನ್ನೂ ದೂರದ ಮನೆಗೆ ಮುಟ್ಟಿಸಿದಳು. ಅದೇ ರಾಜ್ಯದ ಪ್ಲೇನ್‌ವ್ಯೂ ಹತ್ತಿರ ಲೋಯಿಸ್ ರಾಯ್ಸ್ ಶಾಲೆಯಲ್ಲಿ ಉರುವಲು ಮುಗಿಯಿತು. ಆಕೆ ಉಳಿದುಕೊಂಡಿದ್ದ ಮನೆ ನೂರು ಗಜವೂ ದೂರವಿರಲಿಲ್ಲ. ಮೂವರು ಮಕ್ಕಳ ಕೈ ಹಿಡಿದು ಹೊರಟಳು. ಗಾಳಿಯಲ್ಲಿ ದಾರಿ ತಪ್ಪಿತು. ಮೂವರೂ ಮಕ್ಕಳು ಸತ್ತರು, ಆಕೆ ತನ್ನ ಪಾದಗಳನ್ನು ಕಳೆದುಕೊಂಡಳು. ಆ ದಿನ ಸತ್ತವರು ಸುಮಾರು 235 ಎಂದು ಅಂದಾಜು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಅಮೆರಿಕದಲ್ಲಿ ಒಂದು ಕೋಣೆಯ ಶಾಲೆಗಳು ಸುಮಾರು 2 ಲಕ್ಷ ಇದ್ದವು. ಆ ಹೊತ್ತಿಗೆ ದಿಮ್ಮಿ ಹೋಗಿ ಹಲಗೆ, ಇಟ್ಟಿಗೆ ಬಂದಿತ್ತು. ಅವನ್ನು ಮುಗಿಸಿದ್ದು ರಸ್ತೆ ಮತ್ತು ಗಾಡಿ. ಮಕ್ಕಳನ್ನು ಮೊದಲು ಕುದುರೆ ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ದೂರದ ದೊಡ್ಡ ಶಾಲೆಗೆ ಕರೆದೊಯ್ಯುವುದು ಸಾಧ್ಯವಾದಾಗ ಚಿಕ್ಕ ಶಾಲೆಗಳನ್ನು ಒಂದಾಗಿ ಸೇರಿಸಿದರು. ಎಷ್ಟೋ ಊರುಗಳು ಅದನ್ನು ಜೋರಾಗಿ ವಿರೋಧಿಸಿದವು. ತೆರಿಗೆ ಕೊಡಲು ಹಿಂದೆಮುಂದೆ ನೋಡಿದವರ ಮೊಮ್ಮಕ್ಕಳು ಈಗ ಶಾಲೆ ಮುಚ್ಚಬೇಡಿ ಎಂದು ಸಭೆಗಳಿಗೆ ಬಂದು ಕೂತರು. ಮೊಂಟಾನಾದಂಥ ರಾಜ್ಯಗಳ ಜನ ವಿರಳವಾದ ಹಳ್ಳಿಗಳಲ್ಲಿ ಇಂಥ ಕೆಲವು ಶಾಲೆಗಳು ಈಗಲೂ ನಡೆಯುತ್ತಿವೆ. ಒಬ್ಬ ಶಿಕ್ಷಕಿ, ಬೇರೆ ಬೇರೆ ವಯಸ್ಸಿನ ಬೆರಳೆಣಿಕೆಯ ಮಕ್ಕಳು. ಖರ್ಚು ಮಾತ್ರ ಈಗ ತೆರಿಗೆಯದ್ದು.